ಕಸ ಕಣ್ಣಿನ ಹಿಂದಕ್ಕೆ ಹೋಗುವುದಿಲ್ಲ

ರಾಗಿ ಒಕ್ಕಣೆಯ ಕಾಲ ಬಂತೆಂದರೆ ನನ್ನ ಕೋಣೆಯಲ್ಲಿ ದಿನವಿಡೀ ಒಂದೇ ಮಾತು: “ಡಾಕ್ಟರೇ, ಕಸ ಒಳಗೆ ಹೋಗಿಬಿಟ್ಟಿದೆ.” ಒಳಗೆ ಎಂದರೆ ಎಲ್ಲಿಗೆ ಎಂದು ಕೇಳಿದರೆ ತಲೆಯ ಹಿಂಭಾಗ ಮುಟ್ಟಿ ತೋರಿಸುತ್ತಾರೆ. ಓದಿದವರೂ ಕಡಿಮೆಯಿಲ್ಲ, ಮೊನ್ನೆ ಒಬ್ಬರು ಮೆದುಳಿನ ಸ್ಕ್ಯಾನ್ ಬೇಕೇ ಎಂದು ಕೇಳಿದರು.

ಬೇಡ. ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ರೆಪ್ಪೆಯ ಒಳಮೈಗೆ ತೆಳುವಾದ ಪದರವೊಂದು ಅಂಟಿಕೊಂಡಿದೆ, ಕಂಜಂಕ್ಟೈವಾ. (ಪೊರೆ ಎನ್ನಲು ನನಗೆ ಅಂಜಿಕೆ. ಆ ಪದ ಕಿವಿಗೆ ಬಿದ್ದರೆ ಸಾಕು, ಆಪರೇಷನ್ ಯಾವಾಗ ಎನ್ನುತ್ತಾರೆ.) ಅದು ರೆಪ್ಪೆಯ ಹಿಂದೆ ಮೇಲಕ್ಕೇರಿ, ಅಲ್ಲಿ ಮಡಚಿಕೊಂಡು, ಕಣ್ಣುಗುಡ್ಡೆಯ ಬಿಳಿಭಾಗದ ಮೇಲೆ ಇಳಿದು, ಕರಿಗುಡ್ಡೆಯ ಅಂಚಿಗೆ ಬಂದು ನಿಲ್ಲುತ್ತದೆ. ಅಂಗಿಯ ಜೇಬಿನ ಹಾಗೆ. ಜೇಬಿಗೆ ಬಿದ್ದ ನಾಣ್ಯ ಮೂಲೆಯಲ್ಲಿ ಅಡಗಬಹುದು, ಹೊಲಿಗೆ ದಾಟಲಾರದು. ಮೇಲಿನ ರೆಪ್ಪೆಯ ಜೇಬು ಮಾತ್ರ ಸಾಕಷ್ಟು ಆಳ. 2017ರಲ್ಲಿ ಬ್ರಿಟನ್ನಿನ ವೈದ್ಯರು 67 ವರ್ಷದ ಮಹಿಳೆಯೊಬ್ಬರ ಒಂದೇ ಕಣ್ಣಿನಿಂದ 27 ಕಾಂಟ್ಯಾಕ್ಟ್ ಲೆನ್ಸ್ ತೆಗೆದದ್ದನ್ನು ವರದಿ ಮಾಡಿದರು. ಅಷ್ಟೂ ಆ ಜೇಬಿನಲ್ಲೇ ಇದ್ದವು, ಒಂದೂ ಹಿಂದಕ್ಕೆ ಹೋಗಿರಲಿಲ್ಲ.

ಹಾಗಾದರೆ ಕಾಣದ ಕಸ ಎಲ್ಲಿದೆ? ಬಹುಪಾಲು ಸಲ ಮೇಲಿನ ರೆಪ್ಪೆಯ ಅಂಚಿನಿಂದ ಸುಮಾರು 2 ಮಿಲಿಮೀಟರ್ ಒಳಗೆ. ಅಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆಯಿದೆ. ಕಣಕ್ಕೆ ಅದು ಒಳ್ಳೆಯ ಆಸನ. ನಿಮಿಷಕ್ಕೆ 15ರಷ್ಟು ಸಲ ರೆಪ್ಪೆ ಬಡಿಯುತ್ತದೆ, ಬಡಿದಾಗಲೆಲ್ಲ ಕರಿಗುಡ್ಡೆಗೆ ಒಂದು ಗೀರು. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಮೇಲಿಂದ ಕೆಳಕ್ಕೆ ಹಸಿರು ಗೆರೆಗಳು, ಬೆಕ್ಕು ಪರಚಿದಂತೆ. ಅವು ಕಂಡರೆ ನಾನು ಮಾತಾಡದೆ ರೆಪ್ಪೆ ಮಗುಚುತ್ತೇನೆ.

ಉಜ್ಜಿದರೆ ಗೀರು ಇನ್ನಷ್ಟು ಆಳವಾಗುತ್ತದೆ. ಸೆರಗಿನ ತುದಿ ಹುರಿಮಾಡಿ ತೂರಿಸುವುದು, ನಾಲಿಗೆಯಿಂದ ತೆಗೆಸುವುದು, ಎದೆಹಾಲು, ಜೇನುತುಪ್ಪ, ಅಂಗಡಿಯವನು ಕೊಟ್ಟ ಸ್ಟಿರಾಯ್ಡ್ ಹನಿ, ಎಲ್ಲ ಮುಗಿದ ಮೇಲೆ ನನ್ನ ಸರದಿ. ಹೊಟ್ಟು, ಎಲೆಯಂಥ ಕಸ ಗೀರಿದ ಕಣ್ಣಿಗೆ ಫಂಗಸ್ ತಗುಲಬಹುದು, ಅದರ ಮೇಲೆ ಸ್ಟಿರಾಯ್ಡ್ ಬಿದ್ದರೆ ದೃಷ್ಟಿಯೇ ಹೋಗಬಹುದು. ಶುದ್ಧ ನೀರಿನಲ್ಲಿ ಕಣ್ಣು ತೆರೆದು ಮಿಟುಕಿಸಿ, ಹೋಗದಿದ್ದರೆ ಅದೇ ದಿನ ಬನ್ನಿ. ಗ್ರೈಂಡಿಂಗ್ ಮಾಡುವಾಗಲೋ ಸುತ್ತಿಗೆ ಹೊಡೆಯುವಾಗಲೋ ಚೂರು ಸಿಡಿದಿದ್ದರೆ ಈ ಜೇಬಿನ ಲೆಕ್ಕ ನಡೆಯದು. ಅದು ಗುಡ್ಡೆಯನ್ನೇ ತೂರಿ ಹೋಗಿರಬಹುದು. ಕಣ್ಣು ಒತ್ತದೆ ಕೂಡಲೇ ಆಸ್ಪತ್ರೆಗೆ ಹೋಗಿ. ಸುಣ್ಣ ಬಿದ್ದರೆ ಮೊದಲು ಅರ್ಧ ಗಂಟೆ ನೀರು ಹಾಯಿಸಿ, ಆಮೇಲೆ ಹೊರಡಿ.

ಕಳೆದ ವರ್ಷ ಎರಡು ರಾತ್ರಿ ನಿದ್ದೆಗೆಟ್ಟು ಬಂದಿದ್ದ ಅಜ್ಜಿಯೊಬ್ಬರ ರೆಪ್ಪೆ ಮಗುಚಿ, ಹತ್ತಿಯ ಕಡ್ಡಿಯಿಂದ ಸಾಸಿವೆಗಿಂತ ಸಣ್ಣ ಹೊಟ್ಟು ತೆಗೆದು ಬೆರಳಿನ ಮೇಲಿಟ್ಟು ತೋರಿಸಿದೆ. ಕನ್ನಡಕ ತರಿಸಿಕೊಂಡು ನೋಡಿದರು. “ಇಷ್ಟೇನಾ? ಇನ್ನೊಂದು ಇರಬೇಕು, ಇನ್ನೂ ಚುಚ್ಚುತ್ತಿದೆ.” ಅದು ಗೀರಿನ ನೋವು, ನಾಳೆ ನಾಡಿದ್ದರಲ್ಲಿ ಮಾಯುತ್ತದೆ, ಉಜ್ಜಬೇಡಿ ಎಂದೆ. ತಲೆಯಾಡಿಸಿದರು. ಬಾಗಿಲು ದಾಟುವಷ್ಟರಲ್ಲಿ ಸೆರಗಿನ ತುದಿ ಆಗಲೇ ಕಣ್ಣಿನ ಹತ್ತಿರವಿತ್ತು.