ರಂಜಕದ ಲೆಕ್ಕ: 2.24 ಎಲ್ಲಿ, 2.29 ಎಲ್ಲಿ?

ನಮ್ಮ ಪೆರ್ಲ (ಕೇರಳದ ಕಾಸರಗೋಡು ಜಿಲ್ಲೆ) ಕಡೆಯ ಅಡಿಕೆ ತೋಟದ ಮಣ್ಣು ಪರೀಕ್ಷೆ ಮಾಡಿಸಿದ್ದೆ. ವರದಿಯಲ್ಲಿ ರಂಜಕ (ಫಾಸ್ಫರಸ್) 15 ಪಿಪಿಎಂ. ಗೊಬ್ಬರದ ಚೀಲದ ಮೇಲೆ ಪಿ2ಓ5 (ರಂಜಕ, ಆಮ್ಲಜನಕ ಸೇರಿದ ಆಕ್ಸೈಡ್) ಶೇ. 20. ಲೆಕ್ಕಕ್ಕೆ 2.24, 2.29 ಎಂಬ ಎರಡು ಅಂಕಿ ಬಳಸುತ್ತಾರೆ; ಯಾವುದು ಎಲ್ಲಿಗೆ ಎಂದು ತಿಳಿಯಲು ಎರಡು ಸಂಜೆ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

2.24 ಮಣ್ಣಿನ ತೂಕದ್ದು. ಒಂದು ಹೆಕ್ಟೇರಿನಲ್ಲಿ 15 ಸೆಂ.ಮೀ. ಆಳದವರೆಗಿನ ಮಣ್ಣು ಸುಮಾರು 22.4 ಲಕ್ಷ ಕಿಲೋ ಎಂದು ಲೆಕ್ಕ. ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಅಲ್ವಾ? ಹಾಗಾಗಿ 1 ಪಿಪಿಎಂ ಎಂದರೆ ಹೆಕ್ಟೇರಿಗೆ 2.24 ಕಿಲೋ. ನಮ್ಮ 15 ಪಿಪಿಎಂ, 33.6 ಕಿಲೋ ಆಯಿತು.

2.29 ಹೆಸರಿನದ್ದು. ಚೀಲದೊಳಗೆ ಪಿ2ಓ5 ಎಂಬ ವಸ್ತುವೇ ಇಲ್ಲ. ಅದು ಹಳೆಯ ಕಾಲದಿಂದ ಬಂದ ಲೆಕ್ಕದ ಪದ್ಧತಿ. ಪರಮಾಣು ತೂಕದಲ್ಲಿ ಎರಡು ರಂಜಕ 62, ಐದು ಆಮ್ಲಜನಕ 80, ಒಟ್ಟು 142. 142ನ್ನು 62ರಿಂದ ಭಾಗಿಸಿದರೆ 2.29. ಪಿ2ಓ5ನಿಂದ ರಂಜಕಕ್ಕೆ ಬರಲು ಭಾಗಿಸಬೇಕು.

ನಾನು ಎಡವಿದ್ದು ಇಲ್ಲೇ. 33.6 ಬಂದ ಮೇಲೆ ಅದನ್ನೂ 2.29ರಿಂದ ಭಾಗಿಸಿದೆ. 14.7 ಬಂತು. ಕೇರಳದ ಅಳತೆಯಲ್ಲಿ ಹೆಕ್ಟೇರಿಗೆ ರಂಜಕ 10 ಕಿಲೋಗಿಂತ ಕೆಳಗೆ ಕಡಿಮೆ, 10ರಿಂದ 24 ಮಧ್ಯಮ, ಅದರ ಮೇಲೆ ಜಾಸ್ತಿ. 'ಮಧ್ಯಮ' ಎಂದುಕೊಂಡು ಪೂರ್ತಿ ಗೊಬ್ಬರ ಹಾಕಲು ಹೊರಟಿದ್ದೆ. ಆದರೆ ವರದಿಯಲ್ಲಿದ್ದದ್ದು ಬರೀ ರಂಜಕ, ಪಿ2ಓ5 ಅಲ್ಲ. ಭಾಗಿಸುವ ಹಾಗೇ ಇರಲಿಲ್ಲ. ನಮ್ಮ ಮಣ್ಣಿನಲ್ಲಿ ರಂಜಕ ಜಾಸ್ತಿಯೇ ಇದೆ. ಮೊದಲು ವರದಿಯ ಅಂಕಣದ ತಲೆಬರಹ ನೋಡಿ.

ಚೀಲದಿಂದ ಅಳೆಯಲು 2.29 ಬೇಡವೇ ಬೇಡ. ಅಡಿಕೆ ಮರಕ್ಕೆ ವರ್ಷಕ್ಕೆ 40 ಗ್ರಾಂ ಎಂಬ ಶಿಫಾರಸೂ ಪಿ2ಓ5 ಲೆಕ್ಕದ್ದೇ. ಶೇ. 20ರ ಶಿಲಾರಂಜಕ (ರಾಕ್ ಫಾಸ್ಫೇಟ್) ಆದರೆ 200 ಗ್ರಾಂ. ಅಷ್ಟನ್ನು ಒಂದು ಗೆರಟೆಯಲ್ಲಿ ತೂಗಿ, ಒಳಗೆ ಗೆರೆ ಎಳೆದಿಟ್ಟಿದ್ದೇನೆ.

ಇನ್ನು ಮುರ (ಲ್ಯಾಟರೈಟ್) ಮಣ್ಣಿನ ಗುಣ. ಇಲ್ಲಿಯ ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಣ್ಣ ಹಾಕಿ ಹುಳಿ ತಗ್ಗಿಸಿದರೆ ಸ್ವಲ್ಪ ಬಿಡುತ್ತವೆ. ಶಿಲಾರಂಜಕ ಮಾತ್ರ ಹುಳಿಯಲ್ಲೇ ಕರಗುವಂಥದ್ದು. ಹಾಗಾಗಿ ಸುಣ್ಣ, ಶಿಲಾರಂಜಕ ಎರಡನ್ನೂ ಒಟ್ಟಿಗೆ ಸುರಿಯಬಾರದು. ರಂಜಕ ಮಿತಿಮೀರಿದರೆ ಗಿಡಕ್ಕೆ ಸತು ಸಿಗುವುದೂ ಕಷ್ಟ.

ಈ ವರ್ಷ ಶಿಲಾರಂಜಕ ನಿಲ್ಲಿಸಿದ್ದೇನೆ. ಬುಡಕ್ಕೆ ಸೊಪ್ಪು, ಹಟ್ಟಿಗೊಬ್ಬರ ಇದ್ದೇ ಇದೆ. ಮಳೆಗೆ ಮೇಲ್ಮಣ್ಣು ಹೋದರೆ ರಂಜಕವೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ಇಳಿಜಾರಿನ ಸಾಲುಗಳಿಗೆ ಜೂನ್‌ಗೆ ಮೊದಲೇ ಸೊಪ್ಪು ಮುಚ್ಚುತ್ತಿದ್ದೇವೆ.