ಮುಂಬೈ ಲೋಕಲ್‌ನ ಹಳೆಯ ಸದ್ದು

1925ರ ಫೆಬ್ರವರಿ 3ರಂದು ಬಾಂಬೆಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ತಂತಿಯಲ್ಲಿದ್ದುದು 1,500 ವೋಲ್ಟ್‌ನ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್. ಅದು ಮುಂಬೈಯಿಂದ ಪೂರ್ತಿ ಮರೆಯಾಗಲು 91 ವರ್ಷ ಹಿಡಿಯಿತು. ಪಶ್ಚಿಮ ರೈಲ್ವೆ 2012ರಲ್ಲಿ, ಮಧ್ಯ ರೈಲ್ವೆಯ ಮುಖ್ಯ ಮಾರ್ಗ 2015ರಲ್ಲಿ, ಕೊನೆಗೆ ಹಾರ್ಬರ್ ಮಾರ್ಗ 2016ರ ಏಪ್ರಿಲ್‌ನಲ್ಲಿ 25,000 ವೋಲ್ಟ್‌ನ ಎ.ಸಿ.ಗೆ (ದಿಕ್ಕು ಬದಲಿಸುತ್ತಲೇ ಹರಿಯುವ ವಿದ್ಯುತ್ತಿಗೆ) ಬದಲಾದವು. ವೋಲ್ಟೇಜ್ ಹೆಚ್ಚಿದಷ್ಟೂ ಅದೇ ಶಕ್ತಿಗೆ ಸಾಕಾಗುವ ಕರೆಂಟ್ ಕಡಿಮೆ. ಹಾಗಾಗಿ ತಂತಿ ತೆಳುವಾದರೂ ನಡೆಯುತ್ತದೆ, ಸಬ್‌ಸ್ಟೇಷನ್‌ಗಳನ್ನು ದೂರ ದೂರ ಕಟ್ಟಬಹುದು.

ಆಫೀಸಿಗೆ ಓಡುವವರಿಗೆ ಇದೆಲ್ಲ ಎಲ್ಲಿ ಗಮನಕ್ಕೆ ಬರಬೇಕು! ಗಮನಿಸಿದವರು ರೈಲಿನ ಹುಚ್ಚಿನವರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಮೇಲ್ಸೇತುವೆಯ ಮೇಲೆ ಮೊಬೈಲ್, ಹ್ಯಾಂಡಿಕ್ಯಾಮ್ ಹಿಡಿದು ನಿಂತು, ಬೀಳ್ಕೊಡುವ ಹೊತ್ತಿನ ಹಳೆಯ ರೇಕ್‌ಗಳನ್ನು (ಬೋಗಿಗಳು ಸೇರಿದ ಇಡೀ ರೈಲುಗಳನ್ನು) ಚಿತ್ರಿಸಿದರು. ಅವರು ಹೊರಟದ್ದು ನೋಟಕ್ಕಾಗಿ. ಆದರೆ ಇವತ್ತು ಆ ವಿಡಿಯೊಗಳಲ್ಲಿ ಹೆಚ್ಚು ಬೆಲೆಬಾಳುವುದು ಸದ್ದು ಎಂದು ನನಗನ್ನಿಸುತ್ತದೆ.

ಚಿತ್ರವನ್ನು ಅಷ್ಟು ಸುಲಭವಾಗಿ ನಂಬುವಂತಿಲ್ಲ. ಮೊಬೈಲ್ ಕ್ಯಾಮೆರಾ ಇಡೀ ದೃಶ್ಯವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಸಾಲುಸಾಲಾಗಿ ಓದುತ್ತದೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರಲು ಸೆಕೆಂಡಿನ ಐವತ್ತನೇ ಒಂದು ಭಾಗ ಬೇಕಾಯಿತೆನ್ನಿ. ಗಂಟೆಗೆ 54 ಕಿ.ಮೀ. ವೇಗದ ಲೋಕಲ್ ಅಷ್ಟರಲ್ಲಿ 30 ಸೆಂ.ಮೀ. ಮುಂದೆ ಹೋಗಿರುತ್ತದೆ. ಹಾಗಾಗಿಯೇ ಬಾಗಿಲು ಕಿಟಕಿಗಳೆಲ್ಲ ವಾಲಿಕೊಂಡಂತೆ ಕಾಣುವುದು. ಎಲ್‌ಇಡಿ ಫಲಕದ ಅಕ್ಷರಗಳೂ ಅರ್ಧಂಬರ್ಧ: ದೀಪಗಳು ಸರದಿಯ ಮೇಲೆ ಮಿನುಗುತ್ತವೆ, ಶಟರ್ ತೆರೆದಾಗ ಹೊತ್ತಿದ್ದಷ್ಟೇ ದಾಖಲಾಗುತ್ತದೆ.

ಸದ್ದಿನ ಕಥೆ ಬೇರೆ. ಹಳೆಯ ಡಿ.ಸಿ. ರೇಕ್ ನಿಂತಲ್ಲಿಂದ ಹೊರಡುವಾಗ ಮೋಟಾರಿಗೆ ಒಮ್ಮೆಲೇ ಪೂರ್ತಿ ಕರೆಂಟ್ ಕೊಡುವಂತಿರಲಿಲ್ಲ. ಮೊದಲು ದಾರಿಯಲ್ಲಿ ಕರೆಂಟ್ ತಡೆಯುವ ರೆಸಿಸ್ಟರ್‌ಗಳನ್ನು ಅಡ್ಡ ಇಟ್ಟು, ವೇಗ ಏರಿದಂತೆ ಒಂದೊಂದಾಗಿ ತೆಗೆಯಬೇಕು. ಒಂದೊಂದು ತೆಗೆದಾಗಲೂ ಸ್ವಿಚ್ಚಿನ ಟಕ್ ಸದ್ದು, ಹಿಂದೆಯೇ ಬೋಗಿಗೆ ಒಂದು ಸಣ್ಣ ಜಗ್ಗು. ಮೋಟಾರ್ ಬೋಗಿಯೊಳಗೆ ಕೂತು ರೆಕಾರ್ಡ್ ಮಾಡಿದವರ ವಿಡಿಯೊದಲ್ಲಿ ಇದನ್ನು ಕಿವಿಯಲ್ಲೇ ಹಿಂಬಾಲಿಸಬಹುದು. ಆ ರೆಸಿಸ್ಟರ್‌ಗಳಲ್ಲಿ ವಿದ್ಯುತ್ ಸುಮ್ಮನೆ ಶಾಖವಾಗಿ ಹೋಗುತ್ತಿತ್ತು.

2007ರಲ್ಲಿ ಬಂದ ಬಿಳಿ-ನೇರಳೆ ಬಣ್ಣದ ಸೀಮೆನ್ಸ್ ರೇಕ್‌ಗಳಲ್ಲಿ ಈ ಟಕ್ ಟಕ್ ಇಲ್ಲ. ಇನ್ವರ್ಟರ್ ಮೋಟಾರಿಗೆ ಬೇಕಾದ ಆವರ್ತನದ ವಿದ್ಯುತ್ತನ್ನೇ ತಯಾರಿಸಿ ಕೊಡುತ್ತದೆ. ಅದರೊಳಗಿನ ಸ್ವಿಚ್ಚುಗಳು ಸೆಕೆಂಡಿಗೆ ನೂರಾರು ಸಲ ತೆರೆದು ಮುಚ್ಚುವುದೇ ನಮ್ಮ ಕಿವಿಗೆ ಕುಂಯ್ ಎಂಬ ರಾಗ. ಬ್ರೇಕ್ ಹಾಕಿದಾಗ ಮೋಟಾರು ಜನರೇಟರ್ ಆಗಿ ವಿದ್ಯುತ್ತನ್ನು ತಂತಿಗೆ ವಾಪಸ್ ಕೊಡುತ್ತದೆ. ಆಗ ಅದೇ ರಾಗ ಇಳಿಯುತ್ತ ಬರುತ್ತದೆ.

ಇಂಥ ದಾಖಲೆಯನ್ನು ಹಾಳುಮಾಡುವ ದಾರಿಗಳೂ ಇವೆ. ಹಿನ್ನೆಲೆಗೆ ಸಿನಿಮಾ ಹಾಡು ಸೇರಿಸಿ, ಮೂಲ ಸದ್ದನ್ನು ಪೂರ್ತಿ ಅಳಿಸಿದವರು ಕಡಿಮೆಯೇನಿಲ್ಲ. ಇನ್ನು ಕೆಲವು ಫೋನ್‌ಗಳು ಮಾತು ಸ್ಪಷ್ಟವಾಗಿ ಕೇಳಲೆಂದು ಒಂದೇ ಸಮನೆ ಬರುವ ಗುಂಯ್‌ಗುಡುವಿಕೆಯನ್ನು ಗದ್ದಲವೆಂದು ತೀರ್ಮಾನಿಸಿ ತಾವಾಗಿಯೇ ತಗ್ಗಿಸುತ್ತವೆ. ಮೋಟಾರಿನ ಸದ್ದು ಇರುವುದು ಅದರಲ್ಲೇ. ರೈಲು ಚಿತ್ರಿಸುವವರು ಮೊದಲು ಆ ಸೆಟ್ಟಿಂಗ್ ಹುಡುಕಿ ಆಫ್ ಮಾಡಿಕೊಳ್ಳುವುದು ಒಳ್ಳೆಯದು.