ಓಣಿಯ ಅಳತೆಗೆ ತಕ್ಕ ಆಮದು

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಪಿ.ಬಿ. ರಸ್ತೆಯನ್ನು ಬಿ.ಆರ್.ಟಿ.ಎಸ್. ಎಂಬ ಪ್ರತ್ಯೇಕ ಪಥದ ಬಸ್ಸುಗಳಿಗಾಗಿ ಅಗಲ ಮಾಡಿದಾಗ ಎರಡೂ ಬದಿಯ ಅನೇಕ ಅಂಗಡಿ, ಮನೆಗಳು ತಮ್ಮ ಮುಂಭಾಗವನ್ನು ಕಳೆದುಕೊಂಡವು. ಕೆಲವು ಕಟ್ಟಡಗಳು ಪೂರ್ತಿಯಾಗಿಯೇ ಹೋದವು. ಆ ಪಥದಲ್ಲಿ ಬಸ್ಸುಗಳು ಓಡತೊಡಗಿದ್ದು 2018ರಲ್ಲಿ. ಅದಾಗಿ ಹಲವು ವರ್ಷಗಳ ಮೇಲೆ, ನಮ್ಮ ಗುಂಪಿನ ಸ್ವಯಂಸೇವಕರೊಬ್ಬರು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರಜಾಲ ನಕ್ಷೆಗೆ ಸೇರಿಸಲೆಂದು ಸಿದ್ಧಪಡಿಸಿದ್ದ ಕಟ್ಟಡಗಳ ಕಡತವನ್ನು ತೆರೆದು ನೋಡಿದಾಗ, ಕೆಡವಿಹೋದ ಕಟ್ಟಡಗಳು ಬಸ್ ಪಥದ ಮೇಲೆ ಮತ್ತೆ ಎದ್ದು ನಿಂತಿದ್ದವು. ಕಡತದ ಆಕಾರಗಳನ್ನು ರಸ್ತೆ ಅಗಲವಾಗುವುದಕ್ಕಿಂತ ಹಿಂದಿನ ಉಪಗ್ರಹ ಚಿತ್ರದಿಂದ ತೆಗೆಯಲಾಗಿತ್ತು. ತಪ್ಪು ಅವರದಲ್ಲ, ಚಿತ್ರ ಯಾವ ವರ್ಷದ್ದು ಎಂದು ಮೊದಲೇ ಕೇಳಬೇಕಾಗಿದ್ದವಳು ಸಮನ್ವಯದ ಹೊಣೆ ಹೊತ್ತ ನಾನು. ಅಂದಿನಿಂದ ಯಾವ ಕಡತ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಅದೇ.

ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಮುಕ್ತ ನಕ್ಷೆ. ಖಾತೆ ತೆರೆದ ಯಾರು ಬೇಕಾದರೂ ಅದರಲ್ಲಿ ತಮ್ಮ ಊರಿನ ರಸ್ತೆ, ಕೆರೆ, ಕಟ್ಟಡಗಳನ್ನು ಗುರುತಿಸಬಹುದು. ಕಟ್ಟಡಗಳನ್ನು ಉಪಗ್ರಹ ಚಿತ್ರದ ಮೇಲೆ ಕೈಯಿಂದ ಒಂದೊಂದಾಗಿ ಬರೆಯುವುದು ಒಂದು ದಾರಿ. ಬೇರೆಡೆ ಈಗಾಗಲೇ ಸಿದ್ಧವಿರುವ ದತ್ತಾಂಶವನ್ನು ಸಗಟಾಗಿ ತಂದು ಸೇರಿಸುವುದು ಇನ್ನೊಂದು. ಈ ಎರಡನೆಯದನ್ನು ಆಮದು ಎನ್ನುತ್ತೇವೆ. ವೃತ್ತಿಯಿಂದ ನಾನು ಭೂಮಾಹಿತಿ ವಿಶ್ಲೇಷಕಿ. ಧಾರವಾಡ, ಗದಗ, ಹಾವೇರಿ ಭಾಗದ ಕಟ್ಟಡಗಳ ಆಮದಿನಲ್ಲಿ ತೊಡಗಿರುವ ಸ್ವಯಂಸೇವಕರ ಕೆಲಸವನ್ನು ಹೊಂದಿಸಿಕೊಡುವುದು ನನ್ನ ರವಿವಾರಗಳ ಕೆಲಸ. ಹೊಸದಾಗಿ ಬಂದವರೆಲ್ಲರೂ ಕೇಳುವುದು ಒಂದೇ ಮಾತು: ಇಡೀ ಜಿಲ್ಲೆಯ ಕಟ್ಟಡಗಳ ಕಡತ ಕೈಯಲ್ಲಿರುವಾಗ ಒಂದು ರಾತ್ರಿಯಲ್ಲಿ ಮುಗಿಸಬಹುದಾದ ಕೆಲಸಕ್ಕೆ ವರ್ಷಗಟ್ಟಲೆ ಏಕೆ? ನಮ್ಮ ಜನ ನಡೆದು ನೋಡಲು ಸಾಧ್ಯವಿರುವಷ್ಟನ್ನೇ ಸೇರಿಸಬೇಕು ಎಂಬುದು ನನ್ನ ಉತ್ತರ, ಮತ್ತು ಆ ಉತ್ತರದ ಹಿಂದಿನ ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ.

ಕಡತಗಳಿಗೆ ಈಗ ಬರವಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ಉಪಗ್ರಹ ಚಿತ್ರಗಳಿಂದ ಯಂತ್ರವೇ ಗುರುತಿಸಿದ ಕಟ್ಟಡಗಳ ಹೊರಗೆರೆಗಳನ್ನು ಮುಕ್ತವಾಗಿ ನೀಡಿದೆ. ಗೂಗಲ್ ಸಂಸ್ಥೆಯ ಓಪನ್ ಬಿಲ್ಡಿಂಗ್ಸ್ 2021ರಲ್ಲಿ ಆಫ್ರಿಕಾದಿಂದ ಆರಂಭವಾಗಿ, 2023ರ ಮೂರನೆಯ ಆವೃತ್ತಿಯ ಹೊತ್ತಿಗೆ ದಕ್ಷಿಣ ಏಷ್ಯಾವನ್ನೂ ಒಳಗೊಂಡು 180 ಕೋಟಿ ಕಟ್ಟಡಗಳನ್ನು ತಲುಪಿತು. ಅದರಲ್ಲಿ ಪ್ರತಿ ಆಕಾರಕ್ಕೂ, ಇದು ಕಟ್ಟಡವೇ ಹೌದು ಎಂದು ಯಂತ್ರಕ್ಕೆ ಎಷ್ಟು ಭರವಸೆ ಇದೆ ಎಂಬುದನ್ನು ತೋರಿಸುವ ಅಂಕವಿದೆ, 0.65ಕ್ಕಿಂತ ಕಡಿಮೆ ಅಂಕದವು ಕಡತದಲ್ಲಿ ಇರುವುದೇ ಇಲ್ಲ. ಈ ಎರಡೂ ದತ್ತಾಂಶಗಳು ಓಪನ್ ಡೇಟಾಬೇಸ್ ಲೈಸೆನ್ಸ್ ಅಡಿಯಲ್ಲಿ ದೊರೆಯುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್ ಕೂಡ 2012ರ ಸೆಪ್ಟೆಂಬರಿನಿಂದ ಅದೇ ಪರವಾನಗಿಯಲ್ಲಿರುವುದರಿಂದ ಕಾನೂನಿನ ತೊಡಕಿಲ್ಲ. ಸರಕಾರಿ ಕಚೇರಿಗಳ ನಕ್ಷೆಗಳ ವಿಷಯ ಹಾಗಲ್ಲ. ಒಂದು ನಕ್ಷೆ ಕಚೇರಿಯ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ ಎಂದ ಮಾತ್ರಕ್ಕೆ ಅದನ್ನು ನಕಲು ಮಾಡುವ ಹಕ್ಕು ಬರುವುದಿಲ್ಲ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಜನವಸತಿ ಪ್ರದೇಶವನ್ನು ಡ್ರೋನಿನಿಂದ ಅಳೆಯಲಾಗುತ್ತದೆ. ಆ ಅಳತೆ ನಮ್ಮ ಯಾವುದೇ ಕಡತಕ್ಕಿಂತ ನಿಖರವಾಗಿರುತ್ತದೆ ಎಂಬುದು ನನಗೆ ಗೊತ್ತು. ಆದರೂ ಲಿಖಿತ ಅನುಮತಿ ಕೈಗೆ ಬರುವವರೆಗೆ ಅಂಥದನ್ನು ಮುಟ್ಟುವುದಿಲ್ಲ. ಅನುಮತಿ ಸಿಕ್ಕರೂ ಆಸ್ತಿ ಸಂಖ್ಯೆ, ಮಾಲೀಕರ ಹೆಸರು, ತೆರಿಗೆಯ ವಿವರ ಇವನ್ನೆಲ್ಲ ಮೊದಲ ದಿನವೇ ಕಡತದಿಂದ ತೆಗೆದುಹಾಕುತ್ತೇವೆ. ಮುಕ್ತ ನಕ್ಷೆಯಲ್ಲಿ ಗೋಡೆಗಳಿಗೆ ಜಾಗವಿದೆ, ಆ ಗೋಡೆಗಳೊಳಗಿನ ಸಂಸಾರದ ವಿವರಗಳಿಗೆ ಇಲ್ಲ.

ಪರವಾನಗಿ ಸರಿಯಾದ ಮೇಲೆ ಬರುವುದು ಸ್ಥಾನದ ಪ್ರಶ್ನೆ. ಸರ್ವೆ ಇಲಾಖೆಯ ಹಳೆಯ ನಕ್ಷೆಗಳು ಭೂಮಿಯ ಮೇಲಿನ ಸ್ಥಾನಗಳನ್ನು ಲೆಕ್ಕ ಹಾಕಲು ಎವರೆಸ್ಟ್ ಎಂಬ ಆಧಾರಮಾನವನ್ನು ಬಳಸುತ್ತಿದ್ದವು, ಜಿ.ಪಿ.ಎಸ್. ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವುದು ಡಬ್ಲ್ಯು.ಜಿ.ಎಸ್. 84. ಹಳೆಯ ನಕ್ಷೆಯ ಅಕ್ಷಾಂಶ, ರೇಖಾಂಶಗಳನ್ನು ಪರಿವರ್ತಿಸದೆ ಹಾಗೆಯೇ ಇಳಿಸಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಸರಿದು, ಒಂದು ಓಣಿಯ ಮನೆಗಳು ಇನ್ನೊಂದು ಓಣಿಯ ಮೇಲೆ ಕುಳಿತುಕೊಳ್ಳುತ್ತವೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಮೂರು, ನಾಲ್ಕು ಮೀಟರಿನ ಸಣ್ಣ ಸರಿತವೇ ಹೆಚ್ಚು ತೊಂದರೆ ಕೊಡುವಂಥದು, ಏಕೆಂದರೆ ಅದು ಎಲ್ಲಾ ಕಟ್ಟಡಗಳಿಗೂ ಒಂದೇ ರೀತಿ ಆಗಿರುವುದರಿಂದ ಮೇಲ್ನೋಟಕ್ಕೆ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ. ಇದನ್ನು ಹಿಡಿಯಲು ನಾವು ಬಿ.ಆರ್.ಟಿ.ಎಸ್. ಪಥವನ್ನೇ ಅಳತೆಗೋಲಾಗಿ ಬಳಸುತ್ತೇವೆ. ಬಸ್ಸಿನಲ್ಲಿ ಹೋಗಿಬರುವವರ ಮೊಬೈಲುಗಳು ದಾಖಲಿಸಿದ ಹಲವು ಜಾಡುಗಳನ್ನು ಒಂದರ ಮೇಲೊಂದಿಟ್ಟು, ಅವುಗಳ ನಡುಗೆರೆಯೊಡನೆ ಉಪಗ್ರಹ ಚಿತ್ರದಲ್ಲಿ ಕಾಣುವ ಪಥವನ್ನು ಹೋಲಿಸಿದರೆ, ಚಿತ್ರ ಯಾವ ಕಡೆಗೆ ಎಷ್ಟು ಸರಿದಿದೆ ಎಂಬುದು ತಿಳಿಯುತ್ತದೆ. ಆ ಸರಿತವನ್ನು ಸರಿಪಡಿಸಿದ ಬಳಿಕವೇ ಕಟ್ಟಡಗಳ ಮಾತು. ಬಯಲಾಗಿರುವ ಗದಗ ಕಡೆಯಲ್ಲಿ ಒಂದೇ ತಿದ್ದುಪಡಿ ಬಹುದೂರದವರೆಗೆ ಸಾಕಾಗುತ್ತದೆ. ಏರಿಳಿತದ ನೆಲವಿರುವ ಧಾರವಾಡದಲ್ಲಿ ಬಡಾವಣೆ ಬದಲಾದಂತೆ ಮತ್ತೆ ನೋಡಬೇಕು.

ನಮ್ಮ ಭಾಗದ ಮನೆಗಳನ್ನು ಯಂತ್ರ ಹೇಗೆ ನೋಡುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ವಿಷಯ. ಗದಗಿನ ಹಳೆಯ ಊರಿನಲ್ಲಾಗಲಿ, ಹಳೇ ಹುಬ್ಬಳ್ಳಿಯಲ್ಲಾಗಲಿ ಮಣ್ಣಿನ ಚಪ್ಪಟೆ ಚಾವಣಿಯ ಮಾಳಿಗೆ ಮನೆಗಳು ಗೋಡೆಗೆ ಗೋಡೆ ಹಂಚಿಕೊಂಡು ನಿಂತಿರುತ್ತವೆ. ಮೇಲಿನಿಂದ ನೋಡಿದರೆ ಒಂದು ಮಾಳಿಗೆಯ ಮಣ್ಣು ಎಲ್ಲಿ ಮುಗಿಯಿತು, ಪಕ್ಕದ ಮನೆಯದು ಎಲ್ಲಿ ಆರಂಭವಾಯಿತು ಎಂಬುದು ತಿಳಿಯುವುದಿಲ್ಲ. ಅಂಥಲ್ಲಿ ಯಂತ್ರ ಇಡೀ ಓಣಿಯ ಒಂದು ಬದಿಯನ್ನು ಒಂದೇ ಕಟ್ಟಡವೆಂದು ಎಳೆಯುತ್ತದೆ. ನಡುವಿನಲ್ಲಿ ತೆರೆದ ಅಂಗಳವಿರುವ ವಾಡೆಯಲ್ಲಿ ಅಂಗಳವನ್ನು ಮುಚ್ಚಿಬಿಡುತ್ತದೆ. ಧಾರವಾಡದ ಮಾಳಮಡ್ಡಿ, ಸಾಧನಕೇರಿಗಳಲ್ಲಿ ತೊಂದರೆ ಬೇರೆ ಬಗೆಯದು: ಹಿತ್ತಲಿನ ಮಾವು, ಹಲಸಿನ ಮರಗಳು ಹೆಂಚಿನ ಮನೆಯ ಅರ್ಧವನ್ನು ಮುಚ್ಚಿರುವಲ್ಲಿ ಯಂತ್ರಕ್ಕೆ ಕಂಡಷ್ಟೇ ಮನೆ. ಇರದ ಕಟ್ಟಡಗಳನ್ನು ಕಾಣುವುದೂ ಉಂಟು. ಹೊಲದಂಚಿನ ಬಣವೆಗಳು ಸಾಲು ಶೆಡ್ಡುಗಳಾಗುತ್ತವೆ. ಹುಬ್ಬಳ್ಳಿ ರೈಲು ಯಾರ್ಡಿನಲ್ಲಿ ನಿಂತ ಡಬ್ಬಿಗಳು ಉದ್ದನೆಯ ಗೋದಾಮುಗಳಾಗುತ್ತವೆ. ಬ್ಯಾಡಗಿಯ ಸುತ್ತ ಮೆಣಸಿನಕಾಯಿ ಒಣಹಾಕಿದ ಕಣಗಳು ಅಂಚು ನೇರವಾಗಿರುವುದರಿಂದ ಕೆಂಪು ಚಾವಣಿಯಂತೆ ತೋರುತ್ತವೆ. ಬ್ಯಾಡಗಿಯವರಾದರೆ ಚಿತ್ರವನ್ನು ನೋಡಿದ ಕೂಡಲೇ ಅದು ಕಣವೆಂದು ಹೇಳುತ್ತಾರೆ, ಊರನ್ನು ಕಾಣದವರು ಅದನ್ನು ಹಾಗೆಯೇ ಸ್ವೀಕರಿಸುತ್ತಾರೆ. ಭರವಸೆಯ ಅಂಕವನ್ನು ನಂಬಿ ಇಂಥವನ್ನು ಸೋಸಲು ನಾವು ಪ್ರಯತ್ನಿಸಿದ್ದೇವೆ. ಅಂಕದ ಗೆರೆಯನ್ನು ಮೇಲಕ್ಕೇರಿಸಿದಂತೆ ಬಣವೆಗಳು ಕಡಿಮೆಯಾದವು, ಜೊತೆಗೆ ಬಡವರ ತಗಡಿನ ಮನೆಗಳೂ ಮಾಯವಾದವು. ಅಂದು ಆ ಸೋಸುವ ಕ್ರಮವನ್ನು ಕೈಬಿಟ್ಟೆವು. ಯಾರ ಮನೆ ಸಣ್ಣದೋ ಅವರೇ ಮೊದಲು ನಕ್ಷೆಯಿಂದ ಹೊರಗುಳಿಯುವ ವಿಧಾನವನ್ನು ನಾನು ಒಪ್ಪಲಾರೆ.

ಇನ್ನು ನಕ್ಷೆಯಲ್ಲಿ ಈಗಾಗಲೇ ಇರುವುದರ ವಿಷಯ. ನಾವು ಬರುವ ಮೊದಲೇ ಯಾರೋ ಒಬ್ಬರು ತಮ್ಮ ಶಾಲೆಯನ್ನು, ಬೀದಿಯ ದವಾಖಾನೆಯನ್ನು, ಮಠವನ್ನು ಕೈಯಾರೆ ಬರೆದು ಕನ್ನಡದಲ್ಲಿ ಹೆಸರು ಕೊಟ್ಟಿರುತ್ತಾರೆ. ಅವರ ಗೆರೆ ಸೊಟ್ಟಗಿರಬಹುದು, ಆದರೆ ಆ ಹೆಸರು ಯಾವ ಯಂತ್ರಕ್ಕೂ ಸಿಗುವಂಥದಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸಿದರೆ ಹೆಸರಿನ ಜೊತೆ ಅದನ್ನು ಬರೆದವರ ಇತಿಹಾಸವೂ ಹೋಗುತ್ತದೆ. ಆದ್ದರಿಂದ ನಕ್ಷೆ ತಿದ್ದುವ ಜೋಸ್ಮ್ ತಂತ್ರಾಂಶದಲ್ಲಿರುವ ಆಕಾರ ಬದಲಿಸುವ ಸೌಲಭ್ಯವನ್ನು ಬಳಸಿ, ಹಳೆಯ ಗುರುತು ಮತ್ತು ಟ್ಯಾಗುಗಳನ್ನು, ಅಂದರೆ ಹೆಸರು, ಬಗೆ ಮುಂತಾದ ವಿವರಗಳನ್ನು, ಉಳಿಸಿಕೊಂಡು ಹೊರಗೆರೆಯನ್ನಷ್ಟೇ ತಿದ್ದುತ್ತೇವೆ. ಹೊಸ ಗೆರೆ ಹಳೆಯದಕ್ಕಿಂತ ಉತ್ತಮವೆಂದು ಖಚಿತವಾಗದಿದ್ದರೆ ಮುಟ್ಟುವುದೇ ಇಲ್ಲ. 2007–08ರಲ್ಲಿ ಅಮೆರಿಕದ ಜನಗಣತಿ ಇಲಾಖೆಯ ರಸ್ತೆಗಳನ್ನು ಈ ನಕ್ಷೆಗೆ ಸಗಟಾಗಿ ಆಮದು ಮಾಡಲಾಗಿತ್ತು. ಅದರೊಂದಿಗೆ ಬಂದ ತಪ್ಪುಗಳನ್ನು ಅಲ್ಲಿನ ಸ್ವಯಂಸೇವಕರು ಹತ್ತು ವರ್ಷಗಳ ಮೇಲೂ ತಿದ್ದುತ್ತಿದ್ದರು. ಕಡಿಮೆ ಕೈಗಳಿರುವ ನಮ್ಮ ಜಿಲ್ಲೆಗಳಲ್ಲಿ ಅಂಥ ಹೊರೆಯನ್ನು ಹೊರುವವರು ಯಾರು?

ಕೆಲಸವನ್ನು ಹಂಚುವ ಬಗೆಯಲ್ಲಿಯೇ ನಾವು ಬಹುಮಟ್ಟಿಗೆ ಇದಕ್ಕೆ ಪರಿಹಾರ ಕಂಡುಕೊಂಡಿದ್ದೇವೆ. ಟಾಸ್ಕಿಂಗ್ ಮ್ಯಾನೇಜರ್ ಎಂಬ ಸಾಧನ ಸಾಮಾನ್ಯವಾಗಿ ಪ್ರದೇಶವನ್ನು ಚೌಕಗಳಾಗಿ ಕತ್ತರಿಸುತ್ತದೆ. ಚೌಕದ ಅಂಚು ಮನೆಗಳ ನಡುವೆಯೇ ಹಾಯುವುದರಿಂದ ಒಂದೇ ಮನೆಯನ್ನು ಇಬ್ಬರು ಸೇರಿಸುವುದು, ಇಲ್ಲವೇ ಇಬ್ಬರೂ ಬಿಡುವುದು ನಡೆಯುತ್ತಿತ್ತು. ಈಗ ನಾವು ರಸ್ತೆ, ನಾಲೆಗಳ ಗುಂಟ ಗೆರೆ ಎಳೆದು ಓಣಿಗೊಂದು ತುಣುಕು ಮಾಡುತ್ತೇವೆ. ಒಂದು ಸಂಜೆಯಲ್ಲಿ ಒಬ್ಬರು ನಡೆದು ಮುಗಿಸುವಷ್ಟು ಓಣಿ ಎಂಬುದೇ ಅದರ ಅಳತೆ. ಆ ತುಣುಕನ್ನು ಪಡೆದವರು ಯಂತ್ರದ ಆಕಾರಗಳನ್ನು ತೆರೆದು, ಅನಾವಶ್ಯಕ ಬಿಂದುಗಳನ್ನು ತೆಗೆದು, ಮೂಲೆಗಳನ್ನು ನೇರಗೊಳಿಸಿ, ಒಂದಾಗಿ ಅಂಟಿಕೊಂಡವನ್ನು ಬಿಡಿಸಿ, ಅನುಮಾನವಿದ್ದವನ್ನು ಗುರುತು ಮಾಡಿಟ್ಟುಕೊಂಡು ಓಣಿಗೆ ಹೋಗುತ್ತಾರೆ. ಎಷ್ಟು ಅಂತಸ್ತು, ಮನೆಯೋ ಅಂಗಡಿಯೋ ಎಂಬುದನ್ನು ಸ್ಟ್ರೀಟ್‌ಕಂಪ್ಲೀಟ್ ಎಂಬ ಮೊಬೈಲ್ ಆ್ಯಪಿನಲ್ಲಿ ಅಲ್ಲಿಯೇ ದಾಖಲಿಸುತ್ತಾರೆ. ನೋಡದೆ ಊಹಿಸಿ ಬರೆಯಬಾರದು; ಗೊತ್ತಿಲ್ಲದಿದ್ದರೆ ಬರಿಯ ‘ಬಿಲ್ಡಿಂಗ್=ಯೆಸ್’, ಅಂದರೆ ಇಲ್ಲೊಂದು ಕಟ್ಟಡವಿದೆ ಎಂದಷ್ಟೇ ಇಟ್ಟರೆ ಸಾಕು, ಅದೂ ಪ್ರಾಮಾಣಿಕ ಮಾಹಿತಿಯೇ. ತುಣುಕನ್ನು ಮುಗಿಸಿದವರನ್ನು ಬಿಟ್ಟು ಬೇರೊಬ್ಬರು ಅದನ್ನು ಪರಿಶೀಲಿಸುತ್ತಾರೆ.

ಓಣಿಯಲ್ಲಿ ಮೊಬೈಲು ಹಿಡಿದು ಮನೆಗಳ ಕಡೆ ನೋಡುತ್ತ ನಿಂತವರನ್ನು ಜನ ಕೇಳದೆ ಬಿಡುವುದಿಲ್ಲ, ಕೇಳುವುದು ಅವರ ಹಕ್ಕು ಕೂಡ. ಧಾರವಾಡದ ಹೊಸಯಲ್ಲಾಪುರದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಮ್ಮ ಗುಂಪಿನ ಹುಡುಗಿಯನ್ನು ತಡೆದು, “ಏನ್ ಬರಕೊಳ್ಳಾಕತ್ತೀಯವಾ ತಂಗಿ? ಮನಿ ಟ್ಯಾಕ್ಸ್ ಹೆಚ್ಚ ಮಾಡಾಕ ಬಂದಿ ಏನ?” ಎಂದು ಕೇಳಿದರು. “ಇಲ್ರೀ ಅಜ್ಜಾರ, ನಾವು ಕಾರ್ಪೋರೇಶನ್ನವರಲ್ಲ. ಎಲ್ಲಾರೂ ನೋಡೋ ನಕಾಶೆದಾಗ ನಿಮ್ಮ ಓಣಿ ಹಾಕಾಕತ್ತೀವ್ರಿ” ಎಂದು ಅವಳು ಮೊಬೈಲನ್ನೇ ಅವರ ಕೈಗೆ ಕೊಟ್ಟಳು. ಅವರು ಬೆರಳಿನಿಂದ ತೋರಿಸುತ್ತ, ಒಂದೆಂದು ಬರೆದಿದ್ದ ಕಟ್ಟಡ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೂರು ಮನೆಗಳೆಂದೂ, ಹಿಂದಿನ ಗೋಡೆ ಕಳೆದ ಮಳೆಗಾಲದಲ್ಲಿ ಬಿದ್ದದ್ದೆಂದೂ ಹೇಳಿದರು. ಯಾವ ಕಡತದಲ್ಲಿಯೂ ಇಲ್ಲದ ಮಾಹಿತಿ ಅದು. ಅಂದಿನಿಂದ ಹೊಸಬರಿಗೆ ಜೋಸ್ಮ್ ಕಲಿಸುವುದಕ್ಕಿಂತ ಮೊದಲು, ಓಣಿಯಲ್ಲಿ ತಮ್ಮ ಪರಿಚಯವನ್ನು ಹೇಗೆ ಹೇಳಿಕೊಳ್ಳಬೇಕೆಂಬುದನ್ನು ಕಲಿಸುತ್ತೇನೆ.

ಸೇರಿಸುವ ಕ್ರಮಕ್ಕೂ ಕಟ್ಟುನಿಟ್ಟಿದೆ. ಏನನ್ನು, ಎಲ್ಲಿಂದ, ಹೇಗೆ ತರುತ್ತೇವೆ ಎಂಬ ಯೋಜನೆಯನ್ನು ಮೊದಲು ಬರೆದು ನಕ್ಷೆಗಾರರ ಸಮುದಾಯದ ಮುಂದಿಟ್ಟು ಆಕ್ಷೇಪಣೆಗಳನ್ನು ಕೇಳಬೇಕು. ಆಮದಿಗೆ ತಮ್ಮ ದಿನಬಳಕೆಯ ಖಾತೆಯನ್ನು ಬಿಟ್ಟು ಬೇರೆಯೇ ಖಾತೆಯನ್ನು ಬಳಸಬೇಕು. ಒಂದು ಚೇಂಜ್‌ಸೆಟ್‌ನಲ್ಲಿ, ಅಂದರೆ ಒಟ್ಟಾಗಿ ಕಳಿಸುವ ತಿದ್ದುಪಡಿಗಳ ಒಂದು ಕಟ್ಟಿನಲ್ಲಿ, ಗರಿಷ್ಠ 10,000 ಬದಲಾವಣೆಗಳಿಗೆ ಅವಕಾಶವಿದ್ದರೂ ನಾವು ಒಂದು ಓಣಿಯನ್ನು ಮೀರಿ ಹೋಗುವುದಿಲ್ಲ, ಮತ್ತು ದತ್ತಾಂಶದ ಮೂಲವನ್ನೂ ಓಣಿಯ ಹೆಸರನ್ನೂ ಅದರ ಟಿಪ್ಪಣಿಯಲ್ಲಿ ಬರೆಯುತ್ತೇವೆ. ನಾಳೆ ತಪ್ಪು ಕಂಡುಬಂದರೆ ಆ ಒಂದು ಓಣಿಯನ್ನಷ್ಟೇ ಹಿಂದಕ್ಕೆ ಪಡೆದರಾಯಿತು, ಉಳಿದವರ ದುಡಿಮೆಗೆ ಧಕ್ಕೆಯಿಲ್ಲ.

ಇಷ್ಟೆಲ್ಲ ಜಾಗ್ರತೆ ಯಾರಿಗಾಗಿ ಎಂಬುದಕ್ಕೆ ಮಲಪ್ರಭೆಯ ದಂಡೆಯನ್ನು ನೆನೆಯಬೇಕು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯದಿಂದ ಬಿಟ್ಟ ನೀರು ನರಗುಂದ, ರೋಣ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಅಂಥ ಹೊತ್ತಿನಲ್ಲಿ ದೋಣಿ ಎಲ್ಲಿಗೆ ಹೋಗಬೇಕು, ಯಾವ ಕೇರಿಯಲ್ಲಿ ಎಷ್ಟು ಮನೆಗಳಿವೆ ಎಂಬುದನ್ನು ಹೊರಗಿನಿಂದ ಬಂದವರು ನಕ್ಷೆಯಿಂದಲೇ ಅಂದಾಜು ಮಾಡುತ್ತಾರೆ. ಅದೇ ಭಾಗದಲ್ಲಿ 2009ರ ನೆರೆಯ ಬಳಿಕ ಎತ್ತರದ ಜಾಗದಲ್ಲಿ ಹೊಸ ಊರುಗಳನ್ನು ಕಟ್ಟಲಾಯಿತು. ಚಾವಣಿಯಿದ್ದಲ್ಲೆಲ್ಲ ಜನರಿದ್ದಾರೆಂದು ಉಪಗ್ರಹ ಚಿತ್ರ ಹೇಳಲಾರದು: ಹೊಸ ಊರಿನ ಮನೆಗೆ ಬೀಗ ಬಿದ್ದು ಹಳೆಯ ಊರಿನ ಒಲೆ ಉರಿಯುತ್ತಿರಬಹುದು, ಅಥವಾ ಹಳೆಯ ಊರಿನಲ್ಲಿ ಗೋಡೆಗಳು ಮಾತ್ರ ಉಳಿದಿರಬಹುದು. ಬಿದ್ದ ಮನೆಯನ್ನು ಪಾಳು ಎಂದೂ, ವಾಸವಿರುವುದನ್ನು ಮನೆ ಎಂದೂ ಗುರುತಿಸಲು ಅಲ್ಲಿಗೆ ಹೋಗಿಯೇ ಬರಬೇಕು. ಆ ದಂಡೆಯ ಹಳ್ಳಿಗಳನ್ನು ನಾನು ಈ ಕಾರಣಕ್ಕಾಗಿ ಆಮದಿನ ಪಟ್ಟಿಯಿಂದ ತೆಗೆದು, ಕೈಯಿಂದಲೇ ಬರೆಯುವ ಪಟ್ಟಿಗೆ ಸೇರಿಸಿದ್ದೇನೆ.

ಸದ್ಯಕ್ಕೆ ನಮ್ಮ ಮುಂದಿರುವುದು ಗದಗಿನ ಅವಳಿ ಊರಾದ ಬೆಟಗೇರಿ. ನೇಕಾರರ ಓಣಿಗಳಲ್ಲಿ ಮನೆ ಯಾವುದು, ಮಗ್ಗದ ಕೋಣೆ ಯಾವುದು ಎಂಬುದು ಚಾವಣಿಯನ್ನು ನೋಡಿದರೆ ತಿಳಿಯುವುದಿಲ್ಲ, ಎರಡೂ ಒಂದೇ ಸೂರಿನಡಿ ಇರುವುದೇ ಹೆಚ್ಚು. ಅದೇ ಊರಿನ ಇಬ್ಬರು ಕಾಲೇಜು ವಿದ್ಯಾರ್ಥಿನಿಯರು ತಮ್ಮ ಪರೀಕ್ಷೆಗಳು ಮುಗಿದ ಬಳಿಕ ನಡೆದು ನೋಡುವುದಾಗಿ ಹೇಳಿದ್ದಾರೆ. ಕಡತ ಸಿದ್ಧವಿದೆ, ಸರಿತದ ತಿದ್ದುಪಡಿಯೂ ಆಗಿದೆ; ಅವರು ಬರುವವರೆಗೆ ಆ ತುಣುಕುಗಳನ್ನು ಯಾರಿಗೂ ಹಂಚಿಲ್ಲ.